ಓಡಿ, ಕೇಳಿ, ಲೆಕ್ಕ ಕೊಡಿ: ಹಾಫ್ ಮ್ಯಾರಥಾನ್ ಓಡಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವುದು ಹೇಗೆ?

ಜನವರಿಯ ಮುಂಬೈ ಮ್ಯಾರಥಾನ್, ಏಪ್ರಿಲ್ ಕೊನೆಯ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ, ರಂಗನತಿಟ್ಟಿನ ಹತ್ತಿರ ಕಾಲುವೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್. ಇಂಥ ಓಟಗಳಲ್ಲಿ ಕೆಲವರ ಟೀ ಶರ್ಟಿನ ಮೇಲೆ ಒಂದು ಸಂಸ್ಥೆಯ ಹೆಸರಿರುತ್ತದೆ. ಅವರು ಪದಕಕ್ಕಾಗಿ ಮಾತ್ರ ಓಡುತ್ತಿಲ್ಲ. ನಾಲ್ಕೈದು ತಿಂಗಳು ಗೆಳೆಯರನ್ನು, ನೆಂಟರನ್ನು, ಆಫೀಸಿನವರನ್ನು ಕೇಳಿ ಹಣ ಕೂಡಿಸಿ ಬಂದಿರುತ್ತಾರೆ. ನೀವೂ ಅವರಲ್ಲೊಬ್ಬರಾಗಬೇಕು ಅಂತಿದ್ದರೆ ಎಲ್ಲಿಂದ ಶುರು ಮಾಡಬೇಕು, ಹಣ ಯಾವ ದಾರಿಯಲ್ಲಿ ಹೋಗಬೇಕು, ಕಾಲು ಹೇಗೆ ಸಿದ್ಧವಾಗಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹೆಚ್ಚಿನವರು ಓಟದ ಅಭ್ಯಾಸ ಮೊದಲು ಮಾಡೋಣ, ಹಣ ಕೇಳುವುದನ್ನು ಕೊನೆಗೆ ನೋಡೋಣ ಅಂತ ಇಟ್ಟುಕೊಳ್ಳುತ್ತಾರೆ. ಓಟಕ್ಕೆ ಹತ್ತು ದಿನ ಇರುವಾಗ ಗಾಬರಿಯಿಂದ ಎಲ್ಲ ಗ್ರೂಪುಗಳಿಗೂ ಒಂದೇ ಲಿಂಕ್ ಕಳಿಸುತ್ತಾರೆ. ಹಣ ಬರುವುದಿಲ್ಲ, ಮನಸ್ಸಿಗೂ ಬೇಜಾರು. ಓಡುವುದು, ಕೇಳುವುದು ಎರಡೂ ಒಂದೇ ವಾರ ಶುರುವಾಗಬೇಕು. ಇಡೀ ಬರಹದಲ್ಲಿ ಇದೊಂದನ್ನೇ ನೆನಪಿಟ್ಟುಕೊಂಡರೂ ನಿಮ್ಮ ಕೆಲಸ ಅರ್ಧ ಆದಂತೆ.

ಯಾವ ಓಟ, ಎಷ್ಟು ದೂರ

ಮೊದಲ ಸಲಕ್ಕೆ ಹಾಫ್ ಮ್ಯಾರಥಾನ್, ಅಂದರೆ ಸುಮಾರು 21.1 ಕಿಲೋಮೀಟರ್, ಸರಿಯಾದ ದೂರ ಅಂತ ನನ್ನ ಅಭಿಪ್ರಾಯ. ಪೂರ್ತಿ ಮ್ಯಾರಥಾನ್ 42.195 ಕಿಲೋಮೀಟರ್. ಹೊಸಬರು ಅದಕ್ಕೆ ಒಂದು ವರ್ಷವಾದರೂ ಇಟ್ಟುಕೊಳ್ಳಬೇಕು. ಹತ್ತು ಕಿಲೋಮೀಟರ್ ಕೂಡ ಚೆನ್ನಾಗಿಯೇ ಇರುತ್ತದೆ. ಆದರೆ ಹಾಫ್‌ಗೆ ಬೇಕಾಗುವ ಐದು ತಿಂಗಳ ತಯಾರಿಯೇ ನಿಮಗೆ ಹಣ ಕೇಳಲು ಸಮಯ ಕೊಡುತ್ತದೆ. ನೀವು ನಿಜವಾಗಿ ಕಷ್ಟಪಡುತ್ತಿದ್ದೀರಿ ಅಂತ ಜನಕ್ಕೂ ಗೊತ್ತಾಗುತ್ತದೆ.

ಓಟ ಆರಿಸುವಾಗ ಮೂರು ವಿಷಯ ನೋಡಿ. ದಿನಾಂಕಕ್ಕೆ ಕನಿಷ್ಠ 20 ವಾರ ಇರಬೇಕು. ಹವಾಮಾನ ನಿಮಗೆ ಒಗ್ಗಬೇಕು. ಆ ಓಟದಲ್ಲಿ ದತ್ತಿ ಹಣ ಕೂಡಿಸುವ ವ್ಯವಸ್ಥೆ ಇದೆಯಾ ಅಂತ ತಿಳಿದುಕೊಳ್ಳಬೇಕು. 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್‌ನಲ್ಲಿ ಈ ಕೆಲಸವನ್ನು ಯುನೈಟೆಡ್ ವೇ ಮುಂಬೈ ಅನ್ನುವ ಸೇವಾ ಸಂಸ್ಥೆ ನೋಡಿಕೊಳ್ಳುತ್ತದೆ. ಸಂಸ್ಥೆಗಳು ಅಲ್ಲಿ ಹೆಸರು ನೋಂದಾಯಿಸುತ್ತವೆ, ಓಟಗಾರರು ತಮಗೆ ಬೇಕಾದ ಸಂಸ್ಥೆ ಆರಿಸಿಕೊಳ್ಳುತ್ತಾರೆ. ಇಂಥ ದೊಡ್ಡ ಓಟಗಳಲ್ಲಿ ಇಷ್ಟು ಹಣ ಕೂಡಿಸುತ್ತೇನೆ ಅಂತ ಒಪ್ಪಿಕೊಂಡವರಿಗೆ ದತ್ತಿ ಬಿಬ್ (ಬಿಬ್ ಅಂದರೆ ಓಟಗಾರರು ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಚೀಟಿ) ಅಂತ ಬೇರೆಯೇ ಜಾಗ ಸಿಗುವುದುಂಟು. ಸಾಮಾನ್ಯ ನೋಂದಣಿ ಮುಗಿದಿದ್ದರೂ ಆ ದಾರಿ ತೆರೆದಿರಬಹುದು. ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿ: ಗುರಿ ಮುಟ್ಟದಿದ್ದರೆ ಉಳಿದ ಹಣವನ್ನು ನಾನೇ ಕಟ್ಟಬೇಕಾ? ಉತ್ತರ ಬರಹದಲ್ಲಿ ಇರಲಿ.

ನಿಮ್ಮ ಓಟದಲ್ಲಿ ಇಂಥ ವ್ಯವಸ್ಥೆ ಇಲ್ಲದಿದ್ದರೂ ಚಿಂತೆ ಇಲ್ಲ. ಸಾಮಾನ್ಯ ಟಿಕೆಟ್ ತೆಗೆದುಕೊಂಡು ಓಡಿ, ನಿಮ್ಮ ಮೆಚ್ಚಿನ ಸಂಸ್ಥೆಗೆ ಬೇರೆಯಾಗಿ ಹಣ ಕೂಡಿಸಬಹುದು. ಸಂಸ್ಥೆಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆದರೆ ಸಾಕು.

ಯಾರಿಗಾಗಿ ಓಡಬೇಕು

ಹೆಸರು ದೊಡ್ಡದಿದೆ ಅಂತ ಸಂಸ್ಥೆ ಆರಿಸಬೇಡಿ. ಅವರ ಕೆಲಸದ ಬಗ್ಗೆ ಎರಡು ನಿಮಿಷ ತಡವರಿಸದೆ ಮಾತಾಡಲು ನಿಮಗೆ ಆಗಬೇಕು. ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಆಗಿ, ಕೊನೆಯ ದಿನಗಳ ನೋವು ಕಣ್ಣಾರೆ ನೋಡಿದವರು ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಾಗಿ ಓಡಬಹುದು. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಂಗವಿಕಲರ ಓದು, ಉದ್ಯೋಗ ನಿಮ್ಮ ಮನಸ್ಸಿಗೆ ಹತ್ತಿರವಾದರೆ ಸಮರ್ಥನಂ ಇದೆ. ನೀವು ಓದಿದ ಹಳ್ಳಿ ಶಾಲೆಗೆ ಶೌಚಾಲಯ ಕಟ್ಟಿಸುವ ಸ್ಥಳೀಯ ಟ್ರಸ್ಟ್ ಇದ್ದರೆ ಅದೂ ಆಗುತ್ತದೆ. ಚಿಕ್ಕ ಸಂಸ್ಥೆಗೆ ನಿಮ್ಮ ಐವತ್ತು ಸಾವಿರ ಬಹಳ ದೊಡ್ಡ ಮೊತ್ತ.

ಆರಿಸಿದ ಮೇಲೆ ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ಫೋನಿನಲ್ಲಿ ಕೇಳಿದ್ದಕ್ಕೂ ಕಣ್ಣಾರೆ ಕಂಡಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಹೋದಾಗ ಈ ಕಾಗದಗಳ ಬಗ್ಗೆ ಸಂಕೋಚ ಬಿಟ್ಟು ಕೇಳಿ:

- ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರ.
- ಆದಾಯ ತೆರಿಗೆ ಇಲಾಖೆಯ ಎರಡು ನೋಂದಣಿಗಳು. ಜನ ಈಗಲೂ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ಅಂತಲೇ ಕರೆಯುತ್ತಾರೆ. ಅವಧಿ ಮುಗಿದಿಲ್ಲ ತಾನೇ ಅಂತ ದಿನಾಂಕ ನೋಡಿ.
- ಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಗುರುತಿನ ಸಂಖ್ಯೆ.
- ಕಳೆದ ಎರಡು ಮೂರು ವರ್ಷದ ಆಡಿಟ್ ಆದ ಲೆಕ್ಕ.
- ವಿದೇಶದಿಂದ ಹಣ ಬರುವುದಿದ್ದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ.

ಒಳ್ಳೆಯ ಸಂಸ್ಥೆಗಳು ಇದನ್ನೆಲ್ಲ ಖುಷಿಯಿಂದ ತೋರಿಸುತ್ತವೆ. "ಅದೆಲ್ಲ ಯಾಕೆ, ನಂಬಿಕೆ ಇಲ್ವಾ?" ಅಂತ ಯಾರಾದರೂ ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಿಮ್ಮ ಮಾತು ನಂಬಿ ನೂರಾರು ಜನ ಹಣ ಕೊಡುತ್ತಾರೆ. ಅವರ ಪರವಾಗಿ ನೀವು ಕೇಳುತ್ತಿದ್ದೀರಿ.

ಗುರಿ ಎಷ್ಟಿರಬೇಕು

"ಒಂದು ಲಕ್ಷ ಕೂಡಿಸೋಣ" ಅಂತ ಸುಮ್ನೆ ಒಂದು ಅಂಕಿ ಹೇಳಬೇಡಿ. ಸಂಸ್ಥೆಯವರನ್ನೇ ಕೇಳಿ: ಒಬ್ಬ ರೋಗಿಯನ್ನು ಒಂದು ದಿನ ನೋಡಿಕೊಳ್ಳಲು ಎಷ್ಟು ಬೇಕು? ಒಂದು ಮಗುವಿನ ಒಂದು ವರ್ಷದ ಪುಸ್ತಕಕ್ಕೆ ಎಷ್ಟು? ಆ ಲೆಕ್ಕದಿಂದ ಗುರಿ ಹುಟ್ಟಲಿ. "30 ಮಕ್ಕಳ ಒಂದು ವರ್ಷದ ಪುಸ್ತಕ" ಅಂದರೆ ಕೇಳಿದವರ ಕಣ್ಣ ಮುಂದೆ ಒಂದು ತರಗತಿ ಬರುತ್ತದೆ. ಬರೀ ಲಕ್ಷ ಅಂದರೆ ಏನೂ ಕಾಣುವುದಿಲ್ಲ.

ಹಾಫ್ ಮ್ಯಾರಥಾನ್‌ಗೆ ಒಪ್ಪುವ ಇನ್ನೊಂದು ದಾರಿ ಕಿಲೋಮೀಟರ್ ಹಂಚುವುದು. 21 ಕಿಲೋಮೀಟರ್, ಒಂದೊಂದಕ್ಕೆ 2,500 ರೂಪಾಯಿ. ಒಟ್ಟು 52,500. ಒಂದು ಕಿಲೋಮೀಟರನ್ನು ಒಬ್ಬರೇ ತೆಗೆದುಕೊಳ್ಳಬಹುದು, ಐದು ಜನ ಸೇರಿ ತಲಾ 500 ಹಾಕಬಹುದು. ಯಾರು ಯಾವ ಕಿಲೋಮೀಟರ್ ತೆಗೆದುಕೊಂಡರು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ಹೈಸ್ಕೂಲ್ ಮೇಷ್ಟ್ರು 17ನೇ ಕಿಲೋಮೀಟರ್ ತೆಗೆದುಕೊಂಡಿದ್ದರೆ, ಕಾಲು ಸೋಲುವ ಆ ಹೊತ್ತಿನಲ್ಲಿ ಅವರ ಹೆಸರು ನೆನಪಾಗುತ್ತದೆ. ಕೊಟ್ಟವರಿಗೂ ತಮ್ಮದು ಅಂತ ಒಂದು ತುಂಡು ರಸ್ತೆ ಸಿಕ್ಕಿರುತ್ತದೆ. ಹಣ ಕೂಡಿಸುವ ಎಲ್ಲ ಉಪಾಯಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ.

ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿರಲಿ. ಓಟದ ಶುಲ್ಕ, ಶೂ, ಪ್ರಯಾಣ, ಹೋಟೆಲ್ ಎಲ್ಲ ನಿಮ್ಮ ಜೇಬಿನಿಂದ. ಕೊಟ್ಟ ಪ್ರತಿ ರೂಪಾಯಿಯೂ ಸಂಸ್ಥೆಗೇ ಹೋಗುತ್ತದೆ ಅಂತ ಮೊದಲ ಸಂದೇಶದಲ್ಲೇ ಬರೆಯಿರಿ.

ಹಣ ಯಾವ ದಾರಿಯಲ್ಲಿ ಹೋಗಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಳ್ಳೆಯ ಮನಸ್ಸಿನವರು ಕೂಡ ಎಡವುವ ಜಾಗ ಇದು.

ನಿಮ್ಮ ಸ್ವಂತ ಯುಪಿಐಗೆ, ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ. "ಆಮೇಲೆ ಒಟ್ಟಿಗೆ ಕಳಿಸುತ್ತೇನೆ" ಅನ್ನುವುದು ಸುಲಭ ಅನಿಸುತ್ತದೆ. ಆದರೆ ಆ ಹಣ ನಿಮ್ಮ ಮನೆ ಖರ್ಚಿನ ಹಣದ ಜತೆ ಬೆರೆಯುತ್ತದೆ. ಕೊಟ್ಟವರಿಗೆ ಅವರ ಹೆಸರಿನಲ್ಲಿ ರಸೀತಿ ಸಿಗುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ನೆಂಟರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಹಣ ಉಡುಗೊರೆಯಾಗಿ ಬಂದರೆ ಅದು ನಿಮ್ಮ ಆದಾಯ ಅಂತ ತೆರಿಗೆಗೆ ಒಳಪಡುತ್ತದೆ. ಅದು ದಾನದ ಹಣ ಅಂತ ನೀವೇ ಸಾಬೀತು ಮಾಡುತ್ತ ಕೂರಬೇಕಾಗಬಹುದು.

ಸರಿಯಾದ ದಾರಿ ಎರಡು. ಒಂದು, ಸಂಸ್ಥೆಯ ಬ್ಯಾಂಕ್ ಖಾತೆಗೆ ಅಥವಾ ಸಂಸ್ಥೆಯ ಕ್ಯೂಆರ್ ಕೋಡ್‌ಗೆ ನೇರವಾಗಿ ಹಣ. ಹಣ ಹಾಕುವಾಗ ಟಿಪ್ಪಣಿಯ ಜಾಗದಲ್ಲಿ ನಿಮ್ಮ ಹೆಸರು ಬರೆಯಲು ಹೇಳಿ. ಆಗ ಯಾವುದು ನಿಮ್ಮಿಂದ ಬಂದದ್ದು ಅಂತ ಸಂಸ್ಥೆಗೆ ತಿಳಿಯುತ್ತದೆ. ಎರಡು, ಮಿಲಾಪ್, ಕೆಟ್ಟೋ, ಗಿವ್‌ಇಂಡಿಯಾದಂಥ ಜಾಲತಾಣ ಅಥವಾ ಓಟದ ಆಯೋಜಕರೇ ಕೊಡುವ ಪುಟ. ಪುಟದಲ್ಲಿ ಎಷ್ಟು ಕೂಡಿತು ಅಂತ ಎಲ್ಲರಿಗೂ ಕಾಣುತ್ತದೆ, ಅದೊಂದು ಅನುಕೂಲ. ಆದರೆ ಜಾಲತಾಣದ ಶುಲ್ಕ, ಪಾವತಿ ಶುಲ್ಕ, ಕೊಡುವವರಿಂದ ಕೇಳುವ ಟಿಪ್ಸ್ ಏನೇನಿದೆ ಅಂತ ಮೊದಲೇ ನೋಡಿ. ಹಣ ಹಾಕುವ ಪರದೆಯಲ್ಲಿ ಟಿಪ್ಸ್ ಮೊದಲೇ ತುಂಬಿರಬಹುದು. ಬೇಡ ಅಂದರೆ ಅದನ್ನು ತೆಗೆಯಬಹುದು ಅಂತ ನಿಮ್ಮವರಿಗೆ ಹೇಳಿಕೊಡಿ. ಪುಟ ತೆರೆಯುವಾಗ ಹಣ ಸೇರುವ ಖಾತೆ ಸಂಸ್ಥೆಯದೇ ಆಗಿರಲಿ.

ತೆರಿಗೆ ವಿನಾಯಿತಿ ಬಗ್ಗೆ ಖಂಡಿತ ಕೇಳುತ್ತಾರೆ. ಉತ್ತರ ತಿಳಿದಿರಿ. ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ಹಣದ ಅರ್ಧದಷ್ಟನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಒಂದು ಮಿತಿ ಇದೆ. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೂ ಇಲ್ಲ. ಬರೀ ರಸೀತಿ ಸಾಲದು, ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿ ದಾನದ ಪ್ರಮಾಣಪತ್ರ (ಹಳೆಯ ಕಾಯ್ದೆಯಲ್ಲಿ ಇದು ಫಾರ್ಮ್ 10ಬಿಇ) ಕೊಡಬೇಕು. ಅದಕ್ಕೆ ಕೊಟ್ಟವರ ಪ್ಯಾನ್ ಸಂಖ್ಯೆ ಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಕಲಮುಗಳ ಸಂಖ್ಯೆ ಬದಲಾಗಿದೆ. ಆದ್ದರಿಂದ ಆ ವರ್ಷದ ನಿಯಮವನ್ನು ಸಂಸ್ಥೆಯ ಲೆಕ್ಕಿಗರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ತೆರಿಗೆ ಉಳಿತಾಯವನ್ನೇ ಮುಂದಿಟ್ಟು ಹಣ ಕೇಳುವುದು ಮಾತ್ರ ಬೇಡ.

ವಿದೇಶದಲ್ಲಿರುವ ನೆಂಟರ ವಿಷಯ ಇನ್ನೂ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಮೆರಿಕದಲ್ಲಿ ಇರುವ ಅಣ್ಣ ಬ್ಯಾಂಕ್ ಮೂಲಕ ತನ್ನ ಉಳಿತಾಯದ ಹಣ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡ ಅತ್ತಿಗೆ ಕೊಟ್ಟರೆ ಆಗುತ್ತದೆ, ಅವರ ಹತ್ತಿರ ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಅಂಥ ಹಣ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಮಾತ್ರ, ಅದೂ ಸಂಸ್ಥೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಇಟ್ಟಿರುವ ಗೊತ್ತುಪಡಿಸಿದ ಖಾತೆಯ ಮೂಲಕವೇ ಬರಬೇಕು. ಗೊತ್ತಿಲ್ಲದೆ ಸಾಮಾನ್ಯ ಖಾತೆಗೆ ಹಾಕಿಸಿದರೆ ಸಂಸ್ಥೆಯ ನೋಂದಣಿಗೇ ಕುತ್ತು ಬರಬಹುದು. ವಿದೇಶದಿಂದ ಯಾರಾದರೂ "ಎಷ್ಟು ಹಾಕಲಿ?" ಅಂದರೆ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ.

ಕೇಳುವುದು

ನಮ್ಮಲ್ಲಿ ತುಂಬಾ ಜನಕ್ಕೆ ಹಣ ಕೇಳಲು ನಾಚಿಕೆ. ಸ್ವಂತಕ್ಕೆ ಕೇಳುವ ನಾಚಿಕೆ ಸಹಜ. ಆದರೆ ಜೋಳಿಗೆ ಹಿಡಿದು ಊರೂರು ತಿರುಗಿ ಮಠದ ಮಕ್ಕಳಿಗೆ ಅನ್ನ, ಓದು ಒದಗಿಸಿದ ಸ್ವಾಮಿಗಳು ಇದ್ದ ನಾಡು ಇದು. ಅವರ ಜೋಳಿಗೆಯನ್ನು ಯಾರೂ ಕೀಳಾಗಿ ನೋಡಲಿಲ್ಲ, ಗೌರವದಿಂದ ತುಂಬಿಸಿದರು. ನೀವು ಕೇಳುತ್ತಿರುವುದೂ ಬೇರೆಯವರಿಗಾಗಿ. ತಲೆ ಎತ್ತಿ ಕೇಳಿ.

ಟೆರ್ರಿ ಫಾಕ್ಸ್ ಅನ್ನುವ ಕೆನಡಾದ ಹುಡುಗನ ಕಥೆ ಇಲ್ಲಿ ಹೇಳಲೇಬೇಕು. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡಿದ್ದ. 1980ರ ಏಪ್ರಿಲ್‌ನಲ್ಲಿ ಕೃತಕ ಕಾಲು ಹಾಕಿಕೊಂಡು ದೇಶದ ಪೂರ್ವ ತುದಿಯಿಂದ ಓಡಲು ಶುರು ಮಾಡಿದ. ಕ್ಯಾನ್ಸರ್ ಸಂಶೋಧನೆಗಾಗಿ ಅವನು ಕೇಳಿದ್ದು ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್. ಅಷ್ಟೇ. 143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಿಸಬೇಕಾಯಿತು. ಮುಂದಿನ ಫೆಬ್ರವರಿ ಹೊತ್ತಿಗೆ ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತ್ತು. ದೇಶದ ಜನಸಂಖ್ಯೆಯೂ ಆಗ ಸುಮಾರು ಅಷ್ಟೇ. 1981ರ ಜೂನ್‌ನಲ್ಲಿ ಅವನು ತೀರಿಕೊಂಡ. ಅವನ ಹೆಸರಿನ ಓಟಗಳು ಇವತ್ತಿಗೂ ನಡೆಯುತ್ತಿವೆ. ಅವನ ಬೇಡಿಕೆ ಎಷ್ಟು ಸ್ಪಷ್ಟ, ಎಷ್ಟು ಚಿಕ್ಕದು ನೋಡಿ. ಮಗುವಿಗೂ ಅರ್ಥವಾಗುವಂತಿತ್ತು.

ಈಗ ನಿಮ್ಮ ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಂಡು 60 ಹೆಸರು ಬರೆಯಿರಿ. ಮನೆಯವರು, ಹತ್ತಿರದ ಗೆಳೆಯರು ಮೊದಲ ಪಟ್ಟಿ. ಆಫೀಸು, ಹಳೆಯ ಸಹಪಾಠಿಗಳು, ಅಪಾರ್ಟ್‌ಮೆಂಟ್ ಅಥವಾ ಬೀದಿಯವರು ಎರಡನೆಯ ಪಟ್ಟಿ. ನೀವು ಯಾವಾಗಲೂ ಹೋಗುವ ಅಂಗಡಿ, ಕ್ಲಿನಿಕ್, ಜಿಮ್ ಮೂರನೆಯದು. ಮೊದಲ ಹೆಸರು ನಿಮ್ಮದೇ ಇರಲಿ. ಪುಟ ತೆರೆದ ದಿನವೇ ನಿಮ್ಮ ಕೈಲಾದಷ್ಟು ಹಾಕಿ. ಆಮೇಲೆ ಮೊದಲ ಪಟ್ಟಿಯವರಿಗೆ ಹೇಳಿ. ಪುಟದಲ್ಲಿ ಕಾಲು ಭಾಗವಾದರೂ ತುಂಬಿದ ಮೇಲೆ ಹೊರಗಿನವರಿಗೆ ತೋರಿಸಿ. ಖಾಲಿ ಪುಟಕ್ಕೆ ಮೊದಲು ಹಣ ಹಾಕಲು ಎಲ್ಲರೂ ಹಿಂಜರಿಯುತ್ತಾರೆ.

ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯಿರಿ. ಗ್ರೂಪಿಗೆ ಹಾಕಿದ ಸಂದೇಶ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಹಿರಿಯರಿಗೆ ಫೋನ್ ಮಾಡಿ, ಆಗುವುದಾದರೆ ಮನೆಗೇ ಹೋಗಿ. ಸಂದೇಶ ಹೀಗಿರಬಹುದು:

"ಸುಮಕ್ಕಾ, ಚೆನ್ನಾಗಿದ್ದೀರಾ? ನಾನು ಜನವರಿಯಲ್ಲಿ 21 ಕಿಲೋಮೀಟರ್ ಓಡ್ತಿದ್ದೀನಿ. ಇವತ್ತಿನವರೆಗೆ ಎಂಟು ಕಿಲೋಮೀಟರ್ ಓಡೋದು ಅಭ್ಯಾಸ ಆಗಿದೆ. ಕ್ಯಾನ್ಸರ್ ರೋಗಿಗಳನ್ನ ಹಣ ತಗೊಳ್ಳದೆ ನೋಡ್ಕೊಳ್ಳೋ ಸಂಸ್ಥೆಗೋಸ್ಕರ ಓಡ್ತಿರೋದು. ಅಪ್ಪನ ಕಾಯಿಲೆ ಟೈಮಲ್ಲಿ ನೀವೂ ಎಲ್ಲ ನೋಡಿದ್ರಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಒಂದು ಕಿಲೋಮೀಟರಿಗೆ 2,500 ಅಂತ ಇಟ್ಟಿದ್ದೀನಿ. ಪೂರ್ತಿ ಆಗದಿದ್ರೆ ಎಷ್ಟಾದ್ರೂ ಪರವಾಗಿಲ್ಲ. ಹಣ ನೇರ ಸಂಸ್ಥೆಗೇ ಹೋಗುತ್ತೆ, ರಸೀತಿ ಅವರೇ ಕಳಿಸ್ತಾರೆ. ಈ ತಿಂಗಳು 10ರೊಳಗೆ ಹಾಕಿದ್ರೆ ಅನುಕೂಲ. ಆಗಲ್ಲ ಅಂದ್ರೂ ಬೇಜಾರಿಲ್ಲ ಅಕ್ಕಾ."

ಇದರಲ್ಲಿ ಏನೇನಿದೆ ಗಮನಿಸಿ. ಯಾಕೆ ಅವರನ್ನೇ ಕೇಳುತ್ತಿದ್ದೀರಿ ಅನ್ನುವುದಿದೆ. ಎಷ್ಟು ಅಂತ ಇದೆ. ಯಾವಾಗ ಅಂತ ಇದೆ. ಇಲ್ಲ ಅನ್ನಲು ದಾರಿಯೂ ಇದೆ. ಎಷ್ಟು ಕೊಡಬೇಕು ಅಂತ ಹೇಳದಿದ್ದರೆ ಜನ "ಆಮೇಲೆ ನೋಡೋಣ" ಅಂತ ಬದಿಗಿಡುತ್ತಾರೆ, ಅದು ಮರೆತೇಹೋಗುತ್ತದೆ.

ತಿಂಗಳ ಮೊದಲ ವಾರ ಕೇಳಿ, ಸಂಬಳ ಬಂದಿರುತ್ತದೆ. ಹಬ್ಬದ ಹಿಂದಿನ ವಾರ ಬೇಡ, ಎಲ್ಲರ ಕೈಯೂ ಬಿಗಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಓಟದ ವಾರ ಇನ್ನೊಮ್ಮೆ. ಅಷ್ಟು ಸಾಕು. ಇಲ್ಲ ಅಂದವರನ್ನು ಮತ್ತೆ ಕೇಳಲೇಬಾರದು. ಅವರ ಮನೆಯ ಕಷ್ಟ ನಮಗೆ ಗೊತ್ತಿರುವುದಿಲ್ಲ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು, ಮನೆಗೆಲಸದವರನ್ನು, ನಿಮ್ಮ ವಿದ್ಯಾರ್ಥಿಗಳನ್ನು ಕೇಳಬೇಡಿ. ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ.

ಆಫೀಸಿನ ಎಚ್‌ಆರ್ ವಿಭಾಗದಲ್ಲಿ ವಿಚಾರಿಸಿ. ಕೆಲವು ಕಂಪನಿಗಳು ನೌಕರರು ಕೂಡಿಸಿದಷ್ಟೇ ಹಣವನ್ನು ತಾವೂ ಸೇರಿಸುತ್ತವೆ. ಅದಕ್ಕೆ ಅರ್ಜಿ, ಒಪ್ಪಿಗೆ ಅಂತ ಸಮಯ ಬೇಕು, ಓಟಕ್ಕೆ ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ.

ಎರಡು ವಾರಕ್ಕೊಮ್ಮೆ ಕೊಟ್ಟವರಿಗೆಲ್ಲ ಒಂದು ಚಿಕ್ಕ ಸುದ್ದಿ ಕಳಿಸಿ. ಈ ಭಾನುವಾರ 12 ಕಿಲೋಮೀಟರ್ ಮುಗಿಸಿದೆ, ಮಳೆಯಲ್ಲಿ ನೆನೆದೆ, ಇಷ್ಟು ಹಣ ಕೂಡಿತು, ಇಷ್ಟು ಬಾಕಿ. ಸಂಸ್ಥೆಯ ಮಕ್ಕಳ, ರೋಗಿಗಳ ಫೋಟೊ ಮಾತ್ರ ನೀವಾಗಿ ಹಾಕಬೇಡಿ. ರಕ್ಷಣೆಯಲ್ಲಿರುವ ಮಕ್ಕಳ ಗುರುತು ಬಹಿರಂಗ ಮಾಡುವುದನ್ನು 2015ರ ಬಾಲ ನ್ಯಾಯ ಕಾಯ್ದೆ ನಿಷೇಧಿಸಿದೆ. ಕಾನೂನು ಇರಲಿ ಬಿಡಲಿ, ಒಬ್ಬರ ಸಂಕಟದ ಮುಖ ತೋರಿಸಿ ಹಣ ಕೇಳುವುದು ಸರಿಯಲ್ಲ. ನಿಮ್ಮ ಕೆಸರಾದ ಶೂ ಫೋಟೊ ಹಾಕಿ, ಸಾಕು.

"ನೀನು ಓಟ ಮುಗಿಸಿದರೆ ಕೊಡ್ತೀನಿ" ಅಂತ ಕೆಲವರು ಪಂದ್ಯ ಕಟ್ಟುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಒಪ್ಪಬೇಡಿ. ಮಂಡಿ ನೋವಿದ್ದರೂ ಹಣಕ್ಕಾಗಿ ಓಡುವ ಒತ್ತಡ ಬರುತ್ತದೆ. ಸಂಸ್ಥೆಯ ಅಗತ್ಯಕ್ಕೂ ನಿಮ್ಮ ಮಂಡಿಗೂ ಸಂಬಂಧ ಇಲ್ಲ ಅಂತ ಹೇಳಿ ಮೊದಲೇ ಹಾಕಿಸಿ.

ಕಾಲನ್ನು ಸಿದ್ಧ ಮಾಡುವುದು

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ. ರಕ್ತ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಸುಸ್ತು ಹೋಗುವುದಿಲ್ಲ.

ಸುಸ್ತಾಗದೆ 45 ನಿಮಿಷ ಬಿರುಸಾಗಿ ನಡೆಯಬಲ್ಲವರಿಗೆ 20 ವಾರದ ಯೋಜನೆ ಇದು. ವಾರಕ್ಕೆ ಮೂರು ಅಥವಾ ನಾಲ್ಕು ದಿನ ಓಟ, ಭಾನುವಾರ ಉದ್ದದ ಓಟ, ಎರಡು ದಿನ ಪೂರ್ತಿ ವಿಶ್ರಾಂತಿ.

- 1ರಿಂದ 4ನೇ ವಾರ: ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ನಾಲ್ಕನೇ ವಾರಕ್ಕೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಭಾನುವಾರ 5 ಕಿಲೋಮೀಟರ್, ನಡೆದರೂ ಸರಿ.
- 5ರಿಂದ 8: ಭಾನುವಾರ 6, 7, 8, ಆಮೇಲೆ ಇಳಿಸಿ 6.
- 9ರಿಂದ 12: 9, 10, 12, ಮತ್ತೆ 8. ಈ ಹೊತ್ತಿಗೆ ಹತ್ತಿರದಲ್ಲಿ ಯಾವುದಾದರೂ ಹತ್ತು ಕಿಲೋಮೀಟರ್ ಓಟ ಇದ್ದರೆ ಅಭ್ಯಾಸಕ್ಕೆ ಅಂತ ಓಡಿ.
- 13ರಿಂದ 16: 13, 14, 16, ಇಳಿಸಿ 11.
- 17 ಮತ್ತು 18: 17, 18.
- 19: 11. 20ನೇ ವಾರ ಎರಡು ದಿನ ಚಿಕ್ಕ ಓಟ, ಆಮೇಲೆ ನಿಮ್ಮ ದಿನ.

ಪ್ರತಿ ನಾಲ್ಕನೇ ವಾರ ದೂರ ಇಳಿಸಿರುವುದಕ್ಕೆ ಕಾರಣ ಇದೆ. ಉಸಿರು ಬೇಗ ಪಳಗುತ್ತದೆ. ಮೂಳೆ, ಕೀಲು, ಸ್ನಾಯುಗಳ ಬುಡ ನಿಧಾನ. ಉಸಿರು ಚೆನ್ನಾಗಿದೆ ಅಂತ ದೂರ ಏರಿಸುತ್ತ ಹೋದರೆ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ. ವೇಗದ ಬಗ್ಗೆ ಒಂದೇ ಅಳತೆ: ಪಕ್ಕದವರ ಜತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಜೋರಾಗಿ ಓಡುತ್ತಿದ್ದೀರಿ. ಹದಿನೆಂಟು ಓಡಿದವರು ಓಟದ ದಿನ ಇಪ್ಪತ್ತೊಂದು ಓಡುತ್ತಾರೆ, ಆ ಭಯ ಬೇಡ.

ಎಲ್ಲಿ ಓಡಬೇಕು? ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಇವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ ಇದೆ. ಊರಿನಲ್ಲಿ ಶಾಲೆಯ ಮೈದಾನ, ಕೆರೆ ಏರಿ ಸಾಕು. ಕಾಂಕ್ರೀಟಿಗಿಂತ ಮಣ್ಣು ಒಳ್ಳೆಯದು. ಮಂಗಳೂರು, ಕಾರವಾರದ ಕಡೆ ಸೆಕೆಗೆ ಬೆವರು ಆರುವುದಿಲ್ಲ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ ಬೆಳಗ್ಗೆ ಏಳರ ಮೇಲೆ ಓಡುವುದು ಅಪಾಯ. ಬೆಂಗಳೂರಿನ ತಂಪಿನಲ್ಲಿ ಪಳಗಿದವರು ಮುಂಬೈಗೆ ಹೋದರೆ ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನ ಮಾಡಬೇಕಾಗಬಹುದು. ಓಟದ ಕೊನೆಕೊನೆಗೆ ಪೆಡ್ಡರ್ ರಸ್ತೆಯ ಏರು ಬರುತ್ತದೆ, ಅದಕ್ಕಾಗಿ ವಾರಕ್ಕೊಮ್ಮೆ ಏರು ರಸ್ತೆಯಲ್ಲಿ ಓಡಿ. ಹೆಣ್ಣುಮಕ್ಕಳು ಕತ್ತಲೆಯಲ್ಲಿ ಒಬ್ಬರೇ ಓಡುವುದಕ್ಕಿಂತ ಗುಂಪಿನ ಜತೆ ಓಡಿದರೆ ನೆಮ್ಮದಿ. ಈಗ ಜಿಲ್ಲಾ ಕೇಂದ್ರಗಳಲ್ಲೂ ಓಟಗಾರರ ಗುಂಪುಗಳಿವೆ.

ಶೂಗೆ ಹಣ ಉಳಿಸಬೇಡಿ. ಬಟ್ಟೆಗೆ ಉಳಿಸಿ. ಸಂಜೆ ಕಾಲು ಸ್ವಲ್ಪ ಊದಿರುತ್ತದೆ, ಆಗ ಹೋಗಿ ತೆಗೆದುಕೊಳ್ಳಿ. ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ವಾರಕ್ಕೆರಡು ಸಲ ಮನೆಯಲ್ಲೇ ಬಸ್ಕಿ, ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ದೇಹವನ್ನು ನೇರವಾಗಿ ಹಿಡಿಯುವುದು) ಮಾಡಿ. ಇಪ್ಪತ್ತು ನಿಮಿಷ ಸಾಕು. ಮಂಡಿಯನ್ನು ಕಾಪಾಡುವುದು ತೊಡೆಯ ಬಲ.

ಊಟಕ್ಕೆ ವಿಶೇಷ ಪುಡಿ, ಡಬ್ಬಿ ಯಾವುದೂ ಬೇಕಿಲ್ಲ. ಮುದ್ದೆ, ಅನ್ನ, ರೊಟ್ಟಿ, ಬೇಳೆ, ಕಾಳು, ಮೊಟ್ಟೆ, ಮೊಸರು ಸಾಕು. ಉದ್ದದ ಓಟಕ್ಕೆ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ಬ್ರೆಡ್. ಒಂದೂಕಾಲು ಗಂಟೆ ಮೀರುವ ಓಟದಲ್ಲಿ ಖರ್ಜೂರ, ಬೆಲ್ಲದ ಚಿಕ್ಕಿ ಜೇಬಿನಲ್ಲಿಡಿ. ನೀರು ಬಾಯಾರಿದಷ್ಟು ಕುಡಿಯಿರಿ. ಒತ್ತಾಯದಿಂದ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಸುತ್ತು, ವಾಂತಿ, ಪ್ರಜ್ಞೆ ತಪ್ಪುವುದು ಆಗಬಹುದು. ಡಬ್ಲ್ಯೂಎಚ್‌ಒ ಸೂತ್ರ ಅಂತ ಬರೆದಿರುವ ಓಆರ್‌ಎಸ್ ಪುಡಿ ಒಳ್ಳೆಯದು. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ.

ಓಟದ ದಿನ

ಹಿಂದಿನ ರಾತ್ರಿ ಅನ್ನ, ತಿಳಿ ಸಾರು, ಸ್ವಲ್ಪ ಮೊಸರು. ಖಾರ, ಕರಿದದ್ದು, ಹೊಸ ಹೋಟೆಲಿನ ಊಟ ಬೇಡ. ಹೊಸ ಶೂ, ಹೊಸ ಸಾಕ್ಸ್ ಅವತ್ತು ಹಾಕಲೇಬೇಡಿ. ಸಂಸ್ಥೆಯ ಟೀ ಶರ್ಟ್ ಕೊಟ್ಟಿದ್ದರೆ ಅದನ್ನು ಒಂದು ಭಾನುವಾರದ ಉದ್ದದ ಓಟಕ್ಕೆ ಹಾಕಿ ನೋಡಿರಬೇಕು. ಬಟ್ಟೆ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ. ಬಿಬ್ಬಿನ ಹಿಂದೆ ಮನೆಯವರ ಫೋನ್ ಸಂಖ್ಯೆ, ರಕ್ತದ ಗುಂಪು ಬರೆಯಿರಿ. ನೋವು ಬಂದೀತು ಅಂತ ಮೊದಲೇ ಐಬುಪ್ರೊಫೇನ್‌ನಂಥ ಮಾತ್ರೆ ನುಂಗಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಹೊರೆ.

ಮೊದಲ ಐದು ಕಿಲೋಮೀಟರ್ ಬೇಕೆಂದೇ ನಿಧಾನ ಓಡಿ. ಡೊಳ್ಳು, ಚಪ್ಪಾಳೆ, ಜನರ ಕೂಗು ಕೇಳಿ ಕಾಲು ತಾನಾಗಿ ಹಾರುತ್ತದೆ, ತಡೆಯಿರಿ. 6ರಿಂದ 15 ಅಭ್ಯಾಸದ ವೇಗ. ಕಷ್ಟ ಶುರುವಾಗುವುದು 16ರ ಮೇಲೆ. ಆಗ ನಿಮ್ಮ ಹಾಳೆಯನ್ನು ನೆನಪಿಸಿಕೊಳ್ಳಿ. ಇದು ಮೇಷ್ಟ್ರ ಕಿಲೋಮೀಟರ್, ಇದು ಸುಮಕ್ಕನದು, ಇದು ಆಫೀಸಿನ ಐವರದು. ನೀರಿನ ಮೇಜಿನ ಹತ್ತಿರ ನಡೆಯಿರಿ, ನಡೆದರೆ ತಪ್ಪೇನಿಲ್ಲ.

ಎದೆ ನೋವು, ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ, ಬೆವರು ನಿಂತು ಚಳಿ ಅನಿಸುವುದು, ಮಾತು ತೊದಲುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ನಿಲ್ಲಿ, ಸ್ವಯಂಸೇವಕರನ್ನು ಕರೆಯಿರಿ. ಹಣ ಆಗಲೇ ಸಂಸ್ಥೆ ಸೇರಿದೆ. ನೀವು ಕ್ಷೇಮವಾಗಿ ಮನೆ ಸೇರಬೇಕು ಅಂತಲೇ ಕೊಟ್ಟವರೆಲ್ಲರ ಆಸೆ.

ಹೊರದೇಶದ ಕನ್ನಡಿಗರಿಗೆ ಎರಡು ಮಾತು

1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್ ಇವತ್ತು ದತ್ತಿ ಓಟಕ್ಕೇ ಹೆಸರಾಗಿದೆ. 2024ರ ಒಂದೇ ಓಟದಲ್ಲಿ ಕೂಡಿದ್ದು 7 ಕೋಟಿ ಪೌಂಡಿಗೂ ಜಾಸ್ತಿ. ಲಾಟರಿಯಲ್ಲಿ ಜಾಗ ಸಿಗದವರು ಸಂಸ್ಥೆಯ ಮೂಲಕ ಜಾಗ ಪಡೆಯಬಹುದು. ಸಾಮಾನ್ಯವಾಗಿ ಎರಡು ಸಾವಿರ ಪೌಂಡಿನ ಆಸುಪಾಸು ಕೂಡಿಸುವ ಮಾತು ಕೊಡಬೇಕಾಗುತ್ತದೆ. ಅಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್‌ಗೆ ಒಪ್ಪಿಗೆ ಕೊಟ್ಟರೆ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸಂಸ್ಥೆಗೆ ಹೆಚ್ಚುವರಿಯಾಗಿ ಸಿಗುತ್ತದೆ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವದಲ್ಲಿ ಐದು ನಿಮಿಷ ಮಾತಾಡಲು ಕೇಳಿಕೊಳ್ಳಿ. ಕರ್ನಾಟಕದ ಸಂಸ್ಥೆಗೇ ಕೊಡಬೇಕು ಅಂತಿದ್ದರೆ, ಅದಕ್ಕೆ ನಿಮ್ಮ ದೇಶದಲ್ಲಿ ನೋಂದಾಯಿತ ಸೋದರ ಸಂಸ್ಥೆ ಇದೆಯಾ ವಿಚಾರಿಸಿ.

ಓಟ ಮುಗಿದ ಮೇಲೆ

ಅವತ್ತು ಸಂಜೆಯೇ ಕೊಟ್ಟವರಿಗೆಲ್ಲ ಒಂದು ಫೋಟೊ, ಒಂದು ಸಾಲು ಕಳಿಸಿ. ಓಟ ಪೂರ್ತಿ ಆಗದಿದ್ದರೂ ಅದನ್ನೇ ಬರೆಯಿರಿ. ಅವರ ಕಿಲೋಮೀಟರ್ ಯಾವುದು ಅಂತ ಸೇರಿಸಿ. ಪುಟವನ್ನು ಇನ್ನೂ ಎರಡು ವಾರ ತೆರೆದಿಡಿ, ಫೋಟೊ ನೋಡಿದ ಮೇಲೆ ಕೊಡುವವರೂ ಇರುತ್ತಾರೆ.

ಎರಡು ವಾರ ಆದ ಮೇಲೆ ಲೆಕ್ಕ ಕೊಡಿ. ಒಟ್ಟು ಎಷ್ಟು ಜನ, ಎಷ್ಟು ಹಣ, ಜಾಲತಾಣದ ಶುಲ್ಕ ಎಷ್ಟು ಹೋಯಿತು, ಸಂಸ್ಥೆಗೆ ಎಷ್ಟು ಸೇರಿತು. ಸಂಸ್ಥೆಯಿಂದ ಒಂದು ಪತ್ರ ಬರೆಸಿಕೊಂಡು ಅದರ ಫೋಟೊ ಜತೆಗಿಡಿ. ಯಾರು ಎಷ್ಟು ಕೊಟ್ಟರು ಅಂತ ಹೆಸರು ಹೇಳಬೇಡಿ. ಐವತ್ತು ಕೊಟ್ಟವರಿಗೂ ಐದು ಸಾವಿರ ಕೊಟ್ಟವರಿಗೂ ಒಂದೇ ರೀತಿಯ ಪತ್ರ ಹೋಗಲಿ.

ಆರು ತಿಂಗಳಾದ ಮೇಲೆ ಸಂಸ್ಥೆಗೆ ಮತ್ತೊಮ್ಮೆ ಹೋಗಿ, ಆ ಹಣದಿಂದ ಏನಾಯಿತು ಅಂತ ನೋಡಿ ಬಂದು ಎಲ್ಲರಿಗೂ ತಿಳಿಸಿ. ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ. ಮುಂದಿನ ವರ್ಷ ನೀವು ಕೇಳುವ ಮೊದಲೇ ಜನ "ಈ ಸಲ ಯಾವ ಓಟ?" ಅಂತ ಕೇಳಬೇಕಾದರೆ ಇದೇ ದಾರಿ.

ಇನ್ನೊಂದು ಕೆಲಸ ಬಾಕಿ ಇದೆ, ಮೊಬೈಲಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಮಾರ್ಚ್‌ಗೆ ಮುಗಿಯುವ ವರ್ಷದ ದಾನದ ವಿವರವನ್ನು ಸಂಸ್ಥೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು. ಮೇ ಮೊದಲ ವಾರ ಸಂಸ್ಥೆಗೆ ಒಂದು ಫೋನ್ ಮಾಡಿ ನೆನಪಿಸಿ. ಜೂನ್ ಮೊದಲ ವಾರ ಕೊಟ್ಟವರಿಗೆ "ಸರ್ಟಿಫಿಕೇಟ್ ಬಂತಾ?" ಅಂತ ಕೇಳಿ. ಬರದಿದ್ದವರ ಹೆಸರು, ಮೊತ್ತ, ದಿನಾಂಕ ಪಟ್ಟಿ ಮಾಡಿ ಅವತ್ತೇ ಸಂಸ್ಥೆಗೆ ಕಳಿಸಿ.